ನಂಬರ್ 6 ಅಂದ್ರೆ ಎಷ್ಟು ಕೆಜಿ?

1/9

ಮೊದಲನೇ ಫೋಟೋದಲ್ಲಿ ಇರೋದು ನಮ್ಮಮ್ಮನ ಕೈಬರಹ. ಹಾಲಿನ ಲೆಕ್ಕ ಬರೆಯೋ ಪುಸ್ತಕ ಅದು. ಹಿಂದಿನ ಹಾಳೆಗಳಲ್ಲಿ ಅಪ್ಪನ ಎಡಗಾಲಿನ ಲೆಕ್ಕ ಇದೆ. ಮೊದಲನೇ ವಾರ "ನಂಬರ್ 6, 120 ಸಲ". ಮೂರನೇ ವಾರ "ನಂಬರ್ 6, 240 ಸಲ". ಐದನೇ ವಾರ "ನಂಬರ್ 6, 360 ಸಲ", ಅದರ ಮುಂದೆ ದೊಡ್ಡದೊಂದು ರೈಟ್ ಮಾರ್ಕು.

ಅಪ್ಪ ಲಾರಿ ಡ್ರೈವರ್. ಹಾಸನದಿಂದ ಮಂಗಳೂರಿಗೆ, ಶಿರಾಡಿ ಘಾಟ್ ಇಳಿದು ಹತ್ತಿ, 27 ವರ್ಷ. ಕಳೆದ ವರ್ಷ ಎಡ ಮೊಣಕಾಲಿಗೆ ಆಪರೇಷನ್ ಆಯ್ತು. ಎಡಗಾಲು ಅಂದ್ರೆ ಕ್ಲಚ್. ಫಿಸಿಯೋಥೆರಪಿಸ್ಟ್ ಮೇಡಂ "ಕೂತ್ಕೊಂಡು ತಳ್ಳೋ ವ್ಯಾಯಾಮ ಮಾಡಿ, ಭಾರ ನಿಧಾನಕ್ಕೆ ಏರಿಸಿ" ಅಂದ್ರು. ಮುಚ್ಚಿಹೋಗಿದ್ದ ಒಂದು ಜಿಮ್‌ನಿಂದ ಸೆಕೆಂಡ್ ಹ್ಯಾಂಡ್ ಮಷಿನ್ ತಂದ್ವಿ. ಎರಡು ಪೆಡಲ್ಲು, ಒಂದೊಂದಕ್ಕೂ ಒಂದೊಂದು ಎಣ್ಣೆ ಸಿಲಿಂಡರ್, ಮೇಲೆ 1ರಿಂದ 12ರವರೆಗೆ ತಿರುಗಿಸೋ ನಾಬ್.

360 ಸಲ ಬರೆದ ಮಾರನೇ ದಿನ ಅಪ್ಪ ಯಾರಿಗೂ ಹೇಳದೆ ಲಾರಿ ಸ್ಟ್ಯಾಂಡ್‌ಗೆ ಹೋಗಿ, ಸ್ನೇಹಿತರ ಗಾಡಿ ಹತ್ತಿ ಕ್ಲಚ್ ಒತ್ತಿ ನೋಡಿದ್ದಾರೆ. ಒತ್ತೋಕೆ ಆಯ್ತು, ಹಿಡಿದಿಡೋಕೆ ಆಗ್ಲಿಲ್ಲ. ಮೊಣಕಾಲು ನಡುಗಿ ಪೆಡಲ್ ಎದ್ದು ಬಂತಂತೆ. ಮನೆಗೆ ಬಂದು ಚಪ್ಪಲಿ ಬಿಡ್ತಾ ಹೇಳಿದ್ದು ಇಷ್ಟೇ: "ವಯಸ್ಸಾಯ್ತು ಬಿಡಮ್ಮ."

ಅವರಿಗೆ 54.

ಈ ಸೀರೀಸ್ ಬರೀತಿರೋದು ಆ ಒಂದು ಮಾತಿಗೆ. ತಪ್ಪು ವಯಸ್ಸಿಂದಲ್ಲ, ಮೊಣಕಾಲಿಂದೂ ಪೂರ್ತಿ ಅಲ್ಲ. ಎಣ್ಣೆ ಬಿಸಿಯಾಗಿತ್ತು. ಅದನ್ನ ಯಾರೂ ನಮಗೆ ಹೇಳಿರ್ಲಿಲ್ಲ. ಮೆಕ್ಯಾನಿಕಲ್ ಓದೋ ನಾನೂ ಯೋಚಿಸಿರ್ಲಿಲ್ಲ.

2/9

ಗೊತ್ತಾಗಿದ್ದು ಹೇಗೆ ಅಂದ್ರೆ, ಸುಟ್ಟುಕೊಂಡು.

ಅಪ್ಪನಿಗೆ ಒಂದು ಅಭ್ಯಾಸ. ಸಂಜೆ ಸೀರಿಯಲ್ ಹಾಕ್ಕೊಂಡು, ಒಂದು ಜಾಹೀರಾತಿಂದ ಇನ್ನೊಂದು ಜಾಹೀರಾತಿನವರೆಗೆ ನಿಲ್ಲಿಸದೆ ತಳ್ಳೋದು. ಸುಮಾರು 15 ನಿಮಿಷ. ಒಂದಿನ ಮುಗಿದ ತಕ್ಷಣ ಮಷಿನ್ ಪಕ್ಕಕ್ಕೆ ಸರಿಸೋಣ ಅಂತ ಸಿಲಿಂಡರ್ ಹಿಡಿದೆ. ಚುರ್ ಅಂತು. ಕೈ ಒದರಿಕೊಂಡೆ. ಅಪ್ಪ ನಗ್ತಾ "ಅದು ಶಾಕ್ ಅಬ್ಸಾರ್ಬರ್ ಕಣಮ್ಮ, ಘಾಟ್ ಇಳಿದ ಮೇಲೆ ಮುಟ್ಟಿದ್ರೆ ಹಂಗೇ ಇರುತ್ತೆ" ಅಂದ್ರು. 27 ವರ್ಷ ಗಾಡಿ ಓಡಿಸಿದವರಿಗೆ ಒಂದು ಸೆಕೆಂಡಲ್ಲಿ ಗೊತ್ತಾಯ್ತು. ನಾನು ಆರು ಸೆಮಿಸ್ಟರ್ ಮುಗಿಸಿದ್ದೀನಿ, ನಾಚಿಕೆ ಆಗ್ಬೇಕು.

ಮಾರನೇ ದಿನ ಲ್ಯಾಬಿಂದ ಗನ್ ಥರ್ಮಾಮೀಟರ್ ಕೇಳಿ ತಂದೆ. ಫಳಫಳ ಹೊಳೆಯೋ ಕ್ರೋಮ್ ಸಿಲಿಂಡರ್‌ಗೆ ಹಿಡಿದ್ರೆ 34 ಡಿಗ್ರಿ ಅಂತ ತೋರಿಸ್ತು. ಮುಟ್ಟಿದ್ರೆ ಮಾತ್ರ ಸುಡುತ್ತೆ! ಇಲ್ಲಿ ಒಂದು ವಿಷಯ ಕಲಿತೆ, ನೀವೂ ನೆನಪಿಟ್ಕೊಳ್ಳಿ. ಆ ಗನ್ ಓದೋದು ವಸ್ತು ಹೊರಸೂಸೋ ಇನ್‌ಫ್ರಾರೆಡ್ ಕಿರಣವನ್ನ. ಹೊಳೆಯೋ ಲೋಹ ತನ್ನ ಶಾಖವನ್ನ ಕಿರಣವಾಗಿ ಬಿಡೋದು ತುಂಬಾ ಕಮ್ಮಿ. ಕನ್ನಡಿ ಥರ ಗೋಡೆ ಶಾಖವನ್ನೇ ವಾಪಸ್ ತೋರಿಸುತ್ತೆ. ಹಾಗಾಗಿ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದರ ಮೇಲೆ ಹಿಡೀಬೇಕು. ಟೇಪ್ ಮೇಲೆ ಓದಿದ್ರೆ 62.

ಆಮೇಲೆ ಬಲ ಅಳೆಯೋದು. ಲಗೇಜ್ ತೂಗೋ ಹುಕ್ ಸ್ಕೇಲ್ ಪೆಡಲ್‌ಗೆ ಸಿಕ್ಕಿಸಿ, ಮೊಬೈಲ್‌ನಲ್ಲಿ ಮೆಟ್ರೋನೋಮ್ ಟಿಕ್ ಟಿಕ್ ಅಂತ ಇಟ್ಕೊಂಡು, ಪ್ರತಿ ಸಲ ಒಂದೇ ವೇಗದಲ್ಲಿ ಎಳೆದೆ. ವೇಗ ಒಂದೇ ಇರ್ಬೇಕು, ಇಲ್ಲಾಂದ್ರೆ ಲೆಕ್ಕ ಕೆಟ್ಟಿತು ಅಂತಲೇ. ಎಣ್ಣೆ ಮಷಿನ್ ಎಷ್ಟು ಜೋರಾಗಿ ತಳ್ತೀರೋ ಅಷ್ಟು ಜೋರಾಗಿ ಎದುರು ನಿಲ್ಲುತ್ತೆ.

ತಣ್ಣಗಿದ್ದಾಗ, ನಂಬರ್ 6ರಲ್ಲಿ, 24 ಕೆಜಿ. ಅಪ್ಪ 15 ನಿಮಿಷ ತಳ್ಳಿದ ಮೇಲೆ, ಅದೇ ನಂಬರ್ 6ರಲ್ಲಿ, 16 ಕೆಜಿ.

ಮೂರನೇ ಒಂದು ಭಾಗ ಮಾಯ. ಅಮ್ಮನ ಪುಸ್ತಕದಲ್ಲಿ ಮಾತ್ರ ಎಲ್ಲಾ 360ಕ್ಕೂ ಒಂದೇ ಹೆಸರು: "ನಂಬರ್ 6".

3/9

ಮಾಯ ಆಗಿದ್ದು ಎಲ್ಲಿಗೆ ಅಂತ ಹೇಳ್ತೀನಿ. ಸ್ವಲ್ಪ ನಿಧಾನಕ್ಕೆ ಓದಿ. ಇದು ಗೊತ್ತಾದ್ರೆ ಮುಂದಿನದೆಲ್ಲಾ ತಾನಾಗೇ ಬರುತ್ತೆ.

ಡಂಬೆಲ್ ಎತ್ತಿದಾಗ ನೀವು ಕೊಟ್ಟ ಶಕ್ತಿ ಡಂಬೆಲ್‌ನ ಎತ್ತರದಲ್ಲಿ ಕೂತಿರುತ್ತೆ. ಇಳಿಸಿದಾಗ ಅದು ವಾಪಸ್ ನಿಮ್ಮ ಸ್ನಾಯುವಿಗೇ ಬರುತ್ತೆ. ಸ್ಪ್ರಿಂಗ್ ಕೂಡ ಹಾಗೇ, ಎಳೆದಿದ್ದನ್ನ ಇಟ್ಕೊಂಡು ಹಿಂದಕ್ಕೆ ಕೊಡುತ್ತೆ. ಎಣ್ಣೆ ಸಿಲಿಂಡರ್ ಏನೂ ವಾಪಸ್ ಕೊಡಲ್ಲ. ನೀವು ತಳ್ಳಿದಾಗ ಪಿಸ್ಟನ್ ಎಣ್ಣೆಯನ್ನ ಒಂದು ಸಣ್ಣ ತೂತಿನಲ್ಲಿ ನುಗ್ಗಿಸುತ್ತೆ. ಆ ನುಗ್ಗಾಟದಲ್ಲಿ ಎಣ್ಣೆ ತನ್ನೊಳಗೇ ಉಜ್ಜಿಕೊಂಡು ಬಿಸಿಯಾಗುತ್ತೆ. ನಿಮ್ಮ ಬೆವರು ಪೂರ್ತಿ ಶಾಖ. ಒಂದು ಪೈಸೆ ಉಳಿತಾಯ ಇಲ್ಲ.

ಹೊಸ ವಿಷಯವೇನಲ್ಲ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೌಲ್ ನೀರಿನ ಪಾತ್ರೆಯಲ್ಲಿ ರೆಕ್ಕೆ ಇಟ್ಟು, ಕೆಳಗಿಳಿಯೋ ತೂಕದಿಂದ ಅದನ್ನ ತಿರುಗಿಸಿ, ನೀರು ಎಷ್ಟು ಬಿಸಿಯಾಯ್ತು ಅಂತ ಅಳೆದಿದ್ದ. ನಾವು ಪಿಯುಸಿಯಲ್ಲಿ ಒಂದು ಕ್ಯಾಲರಿಗೆ 4.186 ಜೌಲ್ ಅಂತ ಉರು ಹೊಡೆದಿದ್ದು ಅದೇ ಪ್ರಯೋಗ. ಅಪ್ಪನ ಮಷಿನ್ ಅಂದ್ರೆ ಜೌಲ್‌ನ ಪಾತ್ರೆಗೆ ಪೆಡಲ್ ಹಾಕಿದ ಹಾಗೆ.

ಈಗ ನಮ್ಮ ಮನೆ ಲೆಕ್ಕ. ಬಲ ಸುಮಾರು 24 ಕೆಜಿ, ಪೆಡಲ್ ಓಡೋದು 30 ಸೆಂಟಿಮೀಟರ್. ಒಂದು ಸಲ ತಳ್ಳಿದ್ರೆ 70 ಜೌಲ್ ಚಿಲ್ಲರೆ. ನಿಮಿಷಕ್ಕೆ 24 ಸಲ ಅಂದ್ರೆ ಸರಾಸರಿ 30 ವ್ಯಾಟ್‌ಗೆ ಹತ್ತಿರ. 30 ವ್ಯಾಟ್ ಏನು ಮಹಾ ಅನ್ಸುತ್ತೆ. ಆದ್ರೆ ಅದು ಬೀಳ್ತಿರೋದು ಎಲ್ಲಿಗೆ ನೋಡಿ: 150 ಎಂಎಲ್ ಎಣ್ಣೆ, ಮುಕ್ಕಾಲು ಕೆಜಿನೂ ಇಲ್ಲದ ಉಕ್ಕು. ಎರಡೂ ಸೇರಿ ಒಂದು ಡಿಗ್ರಿ ಏರೋಕೆ 550 ಜೌಲ್ ಸಾಕು. 15 ನಿಮಿಷಕ್ಕೆ ನೀವು ಸುರಿಯೋದು 27,000 ಜೌಲ್. ಸ್ವಲ್ಪಾನೂ ಆಚೆ ಹೋಗದಿದ್ರೆ ಹೆಚ್ಚುಕಮ್ಮಿ 49 ಡಿಗ್ರಿ ಏರುತ್ತೆ.

ಬಕೆಟ್‌ಗೆ ನಲ್ಲಿ ಬಿಟ್ಟ ಹಾಗೆ ಅಂದ್ಕೊಳ್ಳಿ. ನಲ್ಲಿಯಿಂದ 30 ಬರ್ತಿದೆ. ಬಕೆಟ್ ತೂತಿಂದ ಎಷ್ಟು ಆಚೆ ಹೋಗ್ತಿದೆ? ಸಿಲಿಂಡರ್ 4 ಸೆಂ.ಮೀ. ದಪ್ಪ, 25 ಸೆಂ.ಮೀ. ಉದ್ದ. ಗಾಳಿಗೆ ತೆರೆದಿರೋ ಮೈ ಒಂದು ನೋಟ್‌ಬುಕ್ ಹಾಳೆಗಿಂತ ಕಮ್ಮಿ. ಕೋಣೆಗಿಂತ 35 ಡಿಗ್ರಿ ಬಿಸಿ ಇರುವಾಗಲೂ ಆ ಹೊಳೆಯೋ ಕೊಳವೆಯಿಂದ ಆಚೆ ಹೋಗೋದು 7 ವ್ಯಾಟ್ ಆಸುಪಾಸು.

30 ಒಳಗೆ, 7 ಹೊರಗೆ.

4/9

ಸರಿ, ಬಿಸಿಯಾಯ್ತು. ಬಿಸಿಯಾದ್ರೆ ಬಲ ಯಾಕೆ ಇಳೀಬೇಕು?

ಅಡುಗೆಮನೆಗೆ ಹೋಗಿ. ಚಳಿಗಾಲದ ಬೆಳಗ್ಗೆ ಬಾಟಲಿಯಿಂದ ಎಣ್ಣೆ ಮಂದವಾಗಿ ಸುರಿಯುತ್ತೆ. ಅದೇ ಎಣ್ಣೆ ಬಾಣಲೆಯಲ್ಲಿ ಕಾದ ಮೇಲೆ ನೀರಿನ ಹಾಗೆ ಓಡಾಡುತ್ತೆ. ಸಿಲಿಂಡರ್ ಒಳಗೂ ಅಷ್ಟೇ. ಹೈಡ್ರಾಲಿಕ್ ಎಣ್ಣೆ ಡಬ್ಬದ ಮೇಲೆ ವಿಜಿ 46 ಅಂತ ಇರುತ್ತಲ್ಲ, ಅದರರ್ಥ 40 ಡಿಗ್ರಿಯಲ್ಲಿ ಸ್ನಿಗ್ಧತೆ 46 ಸೆಂಟಿಸ್ಟೋಕ್ಸ್. ಸಾಮಾನ್ಯ ಖನಿಜ ಎಣ್ಣೆಯಾದ್ರೆ 100 ಡಿಗ್ರಿಗೆ ಅದು 7ರ ಹತ್ತಿರ ಇಳಿದಿರುತ್ತೆ. ಡಬ್ಬದ ಮೇಲಿನ ನಂಬರ್ 40 ಡಿಗ್ರಿಯದು ಅನ್ನೋದನ್ನ ನಮ್ಮಲ್ಲಿ ಎಷ್ಟು ಜನ ಗಮನಿಸಿದ್ವಿ? ನಾನಂತೂ ಇಲ್ಲ.

ಹಾಸನದಲ್ಲಿ ಜನವರಿ ಬೆಳಗ್ಗೆ ಹೊದಿಕೆ ಬಿಟ್ಟು ಏಳೋಕೆ ಆಗಲ್ಲ. ಕಲಬುರಗಿಯಲ್ಲಿ ಮೇ ಮಧ್ಯಾಹ್ನ 40 ದಾಟುತ್ತೆ. ಒಂದೇ ಕಂಪನಿಯ ಒಂದೇ ಮಷಿನ್, ಒಂದೇ ನಂಬರ್ 6. ಆದ್ರೆ ಎರಡು ಊರಲ್ಲಿ ಎರಡು ಬೇರೆ ಮಷಿನ್ನು. ಇನ್ನೂ ಯಾರೂ ಕಾಲೇ ಇಟ್ಟಿಲ್ಲ!

ಇಲ್ಲಿ ಡಿಸೈನ್ ಮಾಡೋರಿಗೆ ಒಂದು ಒಳ್ಳೇ ದಾರಿ ಇದೆ. ನನ್ನ ಪ್ರಕಾರ ಈ ಸೀರೀಸ್‌ನಲ್ಲಿ ಅತಿ ಮುಖ್ಯವಾದ ಪ್ಯಾರಾ ಇದೇ, ಸ್ಕ್ರೋಲ್ ಮಾಡ್ಬೇಡಿ. ಎಣ್ಣೆ ಹೋಗೋ ದಾರಿ ಉದ್ದವಾಗಿ, ಕಿರಿದಾಗಿ, ಸೂಜಿಯ ಹಾಗಿದ್ರೆ, ತಡೆ ಪೂರ್ತಿ ಸ್ನಿಗ್ಧತೆ ಮೇಲೆ ನಿಂತಿರುತ್ತೆ. ಬಿಸಿಯಾದ್ರೆ ಕುಸಿಯುತ್ತೆ. ಅದೇ ದಾರಿ ತೆಳು ತಗಡಿನಲ್ಲಿ ಕೊರೆದ ಚೂಪು ಅಂಚಿನ ತೂತಾಗಿದ್ದು, ಎಣ್ಣೆ ಸಾಕಷ್ಟು ಜೋರಾಗಿ ನುಗ್ಗುವ ಹಾಗಿದ್ರೆ, ತಡೆ ನಿಲ್ಲೋದು ಸಾಂದ್ರತೆ ಮೇಲೆ. ಸಾಂದ್ರತೆ 40 ಡಿಗ್ರಿ ಏರಿದ್ರೂ ಇಳಿಯೋದು ಶೇಕಡಾ 3ರಷ್ಟು. ಒಂದು ತೂತಿನ ಆಕಾರ ಬದಲಾಯಿಸಿದ್ರೆ ಮೂರನೇ ಒಂದು ಭಾಗದ ನಷ್ಟ ಎಷ್ಟೋ ಪಾಲು ತಪ್ಪುತ್ತೆ. ಫ್ಯಾನೂ ಬೇಡ, ಸೆನ್ಸರೂ ಬೇಡ.

ಪೂರ್ತಿ ಫ್ರೀ ಅಲ್ಲ ಬಿಡಿ. ಚೂಪು ತೂತಿನಲ್ಲಿ ಬಲ ವೇಗದ ವರ್ಗಕ್ಕೆ ಏರುತ್ತೆ. ಎರಡರಷ್ಟು ವೇಗದಲ್ಲಿ ತಳ್ಳಿದ್ರೆ ನಾಲ್ಕರಷ್ಟು ತಡೆ. ಮೊಣಕಾಲು ಆಪರೇಷನ್ ಆದವರಿಗೆ ಅದು ಗೋಡೆಗೆ ಒದ್ದ ಹಾಗೆ ಆಗಬಹುದು. ಜೊತೆಗೆ ಪಿಸ್ಟನ್ ಅಂಚಿನ ಸಂದಿಯಲ್ಲಿ ಬಿಸಿ ಎಣ್ಣೆ ಕಳ್ಳದಾರಿ ಹಿಡಿಯುತ್ತೆ. ಆ ಸಂದಿ ಎರಡರಷ್ಟಾದ್ರೆ ಸೋರಿಕೆ ಎಂಟರಷ್ಟು. ಹಾಗಾಗಿ ಹಳೇ, ಸವೆದ ಮಷಿನ್ನು ಬಿಸಿಯಾದಾಗ ಹೊಸದಕ್ಕಿಂತ ಬೇಗ ಸೋಲುತ್ತೆ. ನಮ್ಮದು ಸೆಕೆಂಡ್ ಹ್ಯಾಂಡ್ ಅಂದ್ನಲ್ಲ.

ಸಿಲಿಕೋನ್ ಎಣ್ಣೆ ಇನ್ನೊಂದು ದಾರಿ. ಬಿಸಿಗೆ ಅದು ಖನಿಜ ಎಣ್ಣೆಯಷ್ಟು ತೆಳುವಾಗಲ್ಲ. ಬೆಲೆ ಜಾಸ್ತಿ.

5/9

ನಮ್ಮ ಕ್ಲಾಸಿನ ವಾಟ್ಸಾಪ್ ಗ್ರೂಪಲ್ಲಿ ಇದನ್ನ ಹಾಕಿದಾಗ ಬಂದ ಮೊದಲ ಉತ್ತರ: "ಲೇ, ಹಗುರ ಅನ್ಸಿದ್ರೆ ನಾಬ್ ತಿರುಗಿಸಿ 8ಕ್ಕೆ ಇಡೋದು. ಅದಕ್ಕೆ ಒಂಬತ್ತು ಪೋಸ್ಟಾ?"

ನಗು ಬಂತು, ಆದ್ರೆ ಮಾತು ಪೂರ್ತಿ ತಪ್ಪಲ್ಲ. ಇಪ್ಪತ್ತು ವರ್ಷದ ನಿಮಗೆ, ಬೆವರಿಳಿಸೋಕೆ ಹೋಗೋರಿಗೆ, ಅದು ಸಾಕು. ಎಣ್ಣೆ ಮಷಿನ್‌ನ ಒಳ್ಳೇ ಗುಣವೇ ಅದು. ಕೈ ಬಿಟ್ರೆ ಮೇಲೆ ಬೀಳೋ ಭಾರ ಇಲ್ಲ. ಇಳಿಸುವಾಗ ಸ್ನಾಯು ಹಿಗ್ಗಿಕೊಂಡು ಭಾರ ತಡೆಯೋ ಕೆಲಸ ಇಲ್ಲ, ಹಾಗಾಗಿ ಮಾರನೇ ದಿನದ ಮೈಕೈ ನೋವೂ ಕಮ್ಮಿ. ವಯಸ್ಸಾದವರಿಗೆ, ಮೊದಲ ಸಲ ಜಿಮ್‌ಗೆ ಬರೋ ಹೆಂಗಸರಿಗೆ ಇದು ಧೈರ್ಯ ಕೊಡುತ್ತೆ. 1992ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಶುರುವಾದ ಕರ್ವ್ಸ್ ಅನ್ನೋ ಮಹಿಳೆಯರ ಜಿಮ್ ಇಂಥ ಎಣ್ಣೆ ಮಷಿನ್‌ಗಳನ್ನ ದುಂಡಗೆ ಜೋಡಿಸಿ, 30 ನಿಮಿಷದ ಸುತ್ತು ಮಾಡಿ, ದೇಶ ದೇಶಗಳಿಗೆ ಹರಡಿತು. ಈ ಮಷಿನ್ ಕೆಟ್ಟದು ಅಂತ ನಾನು ಹೇಳ್ತಿಲ್ಲ.

ಆದ್ರೆ ಆ ದುಂಡಗಿನ ಸುತ್ತನ್ನೇ ನೋಡಿ. ಅಲ್ಲಿ ಮನುಷ್ಯರು ಅರ್ಧ ನಿಮಿಷ ಮಷಿನ್ ಮಾಡಿ, ಪಕ್ಕದ ಹಲಗೆಗೆ ಹೋಗಿ ಹಗುರವಾಗಿ ಹೆಜ್ಜೆ ಹಾಕ್ತಾರೆ. ಮನುಷ್ಯರಿಗೆ ರೆಸ್ಟು. ಮಷಿನ್‌ಗೆ? ಜಿಮ್ ತುಂಬಿದ್ರೆ ಒಬ್ಬರು ಎದ್ದ ಕೂಡಲೇ ಇನ್ನೊಬ್ಬರು ಕೂರ್ತಾರೆ. ಬೆಳಗ್ಗೆ ಆರಕ್ಕೆ ಬಂದೋರ ಮಷಿನ್ ಬೇರೆ, ಏಳೂವರೆಗೆ ಬಂದೋರದ್ದು ಬೇರೆ.

ಇದನ್ನೇ ನಾವು ಮರೀತೀವಿ. ಸ್ನಾಯುವಿನ ಗಡಿಯಾರ ಬೇರೆ, ಸಿಲಿಂಡರ್ ಗಡಿಯಾರ ಬೇರೆ. ಎರಡು ನಿಮಿಷ ಕೂತ್ರೆ ನಿಮ್ಮ ತೊಡೆ ಮತ್ತೆ ರೆಡಿ. ಆ ಎರಡು ನಿಮಿಷದಲ್ಲಿ ನಮ್ಮ ಸಿಲಿಂಡರ್ ಇಳಿಯೋದು ಒಂದೂವರೆ ಡಿಗ್ರಿ. ಅಪ್ಪ ಮುಗಿಸಿ ಅರ್ಧ ಗಂಟೆ ಆದ ಮೇಲೆ ಟೇಪ್ ಮೇಲೆ ಗನ್ ಹಿಡಿದ್ರೆ ಇನ್ನೂ 45.

ನಾಬ್ ತಿರುಗಿಸಿ 8ಕ್ಕೆ ಇಟ್ರೆ ಏನಾಗುತ್ತೆ ಅಂತಾನೂ ಯೋಚಿಸಿ. ಬಲ ಏರುತ್ತೆ, ಅದರ ಜೊತೆ ಸುರಿಯೋ ಶಾಖಾನೂ ಏರುತ್ತೆ, ಅದೇ ಪುಟ್ಟ ಕೊಳವೆಗೆ. ಕೊನೆಗೆ 12ಕ್ಕೆ ಬಂದು ನಿಲ್ತೀರಿ, ಆಮೇಲೆ ತಿರುಗಿಸೋಕೆ ನಂಬರ್ ಇಲ್ಲ. ಅಪ್ಪನಂಥೋರಿಗೆ ಇನ್ನೊಂದು ಅಪಾಯ: ಸಂಜೆ ಬಿಸಿಯಲ್ಲಿ 8ಕ್ಕೆ ಇಟ್ಟು ಮಲಗಿ, ಬೆಳಗ್ಗೆ ತಣ್ಣಗಿರೋ 8ರ ಮೇಲೆ ಕಾಲಿಟ್ರೆ? ಹೊಲಿಗೆ ಹಾಕಿದ ಮೊಣಕಾಲಿಗೆ ಅದು ಬೇರೆಯದೇ ಭಾರ.

6/9

ಈಗ "ಕೂಲಿಂಗ್" ಅಂದ ತಕ್ಷಣ ನಮ್ಮ ಹುಡುಗರ ತಲೆಗೆ ಬರೋ ಐಡಿಯಾಗಳು. ಒಂದೆರಡನ್ನ ಇಲ್ಲೇ ಕೆಡವ್ತೀನಿ, ಬೇಜಾರಾಗ್ಬೇಡಿ.

"ಎಣ್ಣೆ ಜಾಸ್ತಿ ಹಾಕೋಣ." ಇದು ನನ್ನದೇ ಮೊದಲ ಐಡಿಯಾ, ಹಾಗಾಗಿ ಮೊದಲ ಏಟು ನನಗೇ. ಬಕೆಟ್ ದೊಡ್ಡದು ಮಾಡಿದ್ರೆ ತುಂಬೋಕೆ ಹೊತ್ತು ಹಿಡಿಯುತ್ತೆ ಅಷ್ಟೇ. ಆಚೆ ಹೋಗೋ ತೂತು ಅಷ್ಟೇ ಇದ್ರೆ, ಗಂಟೆಗಟ್ಟಲೆ ನಡೆಯೋ ಜಿಮ್‌ನಲ್ಲಿ ಕೊನೆಗೆ ಮುಟ್ಟೋ ಬಿಸಿ ಅದೇ. ಮನೆಯಲ್ಲಿ ದಿನಕ್ಕೆ ಒಂದು ಸಲ 15 ನಿಮಿಷ ಮಾಡೋರಿಗೆ ಮಾತ್ರ ನಿಜವಾಗ್ಲೂ ಉಪಯೋಗ. ವಾಟರ್ ರೋಯಿಂಗ್ ಮಷಿನ್ ನೋಡಿ, ಟ್ಯಾಂಕ್‌ನಲ್ಲಿ 15–17 ಲೀಟರ್ ನೀರು. 100 ವ್ಯಾಟ್‌ನಲ್ಲಿ 20 ನಿಮಿಷ ಹುಟ್ಟು ಹಾಕಿದ್ರೂ ನೀರು ಏರೋದು 2 ಡಿಗ್ರಿ ಒಳಗೆ. ಅಲ್ಲಿ ಬಕೆಟ್ಟೇ ಸಂಪು. ಫ್ಯಾನ್ ಇರೋ ಏರ್ ರೋಯಿಂಗ್ ಮಷಿನ್ ಇನ್ನೂ ಜಾಣ: ತಡೆ ಕೊಡೋ ಗಾಳಿಯೇ ಶಾಖ ಹೊತ್ಕೊಂಡು ಆಚೆ ಹೋಗುತ್ತೆ, ಹೊಸ ಗಾಳಿ ಬರುತ್ತೆ. ಎಣ್ಣೆ ಮಾತ್ರ ಅದೇ ಕೊಳವೆಯಲ್ಲಿ ಬಂದಿ.

"ಪಂಪ್, ರೇಡಿಯೇಟರ್, ಆರ್ಡುಯಿನೋ." ಮಗಾ, ಎಂಟು ಸಾವಿರದ ಮಷಿನ್‌ಗೆ ಹದಿನೈದು ಸಾವಿರದ ಕೂಲಿಂಗಾ? ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಪ್ರೈಜ್ ಬರುತ್ತೆ, ಯಾರ ಮನೆಗೂ ಹೋಗಲ್ಲ.

"ಪ್ಲಾಸ್ಟಿಕ್ ಕವರ್." ಇದು ಐಡಿಯಾ ಅಲ್ಲ, ಈಗಾಗ್ಲೇ ಮಾರ್ತಿದ್ದಾರೆ. ಸಿಲಿಂಡರ್ ಸುತ್ತ ಚಂದದ ಕವಚ. ಕೈ ಸುಡಲ್ಲ ನಿಜ, ಎಣ್ಣೆಗೆ ಕಂಬಳಿ ಹೊದ್ದಿಸಿದ ಹಾಗೆ. ನನಗೆ ಅತಿ ಸಿಟ್ಟು ಬರೋದು ಇದರ ಮೇಲೆ, ಯಾಕಂದ್ರೆ ತೊಂದರೆ ಕಮ್ಮಿ ಮಾಡೋದಿಲ್ಲ, ಕಾಣದ ಹಾಗೆ ಮಾಡುತ್ತೆ. ಕೈ ಕಾಯೋದೇ ಆದ್ರೆ ತೂತಿರೋ ಜಾಲರಿ ಹಾಕಬಹುದು, ಗಾಳಿನೂ ಆಡುತ್ತೆ. ಕೈ ಕಾಯೋದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಬರೀ ಲೋಹ 51 ಡಿಗ್ರಿ ಇದ್ರೆ ಒಂದು ನಿಮಿಷ ಹಿಡಿದಿಟ್ರೆ ಚರ್ಮ ಸುಡುತ್ತೆ. 60 ದಾಟಿದ್ರೆ ಕೆಲವೇ ಸೆಕೆಂಡು ಸಾಕು. ಮನೆಯಲ್ಲಿ ಅಂಬೆಗಾಲಿಡೋ ಮಗು ಇದ್ರೆ ಕವರ್ ಇಲ್ಲದ ಸಿಲಿಂಡರ್ ಇಡಲೇಬೇಡಿ.

7/9

ಹಾಗಾದ್ರೆ ನಾವು ಮನೆಯಲ್ಲಿ ಏನು ಮಾಡಿದ್ವಿ. (ಫೋಟೋ 4ರಿಂದ 7.)

ಮೊದಲು ಅಪ್ಪನ ಉಪಾಯ. ಒದ್ದೆ ಬಟ್ಟೆ. ಲಾರಿಯವರ ಬುದ್ಧಿ. ಮಣ್ಣಿನ ಮಡಕೆ ನೀರು ತಣ್ಣಗಿರೋದು ಯಾಕೋ, ಇದೂ ಅದಕ್ಕೇ: ನೀರು ಆವಿಯಾಗುವಾಗ ಶಾಖ ಎಳ್ಕೊಂಡು ಹೋಗುತ್ತೆ. ಎಷ್ಟು ಅಂತ ಲೆಕ್ಕ ಹಾಕಿ ನಾನೇ ಬೆಚ್ಚಿಬಿದ್ದೆ. ಒಂದು ಗ್ರಾಂ ನೀರು ಆವಿಯಾಗೋಕೆ ಸುಮಾರು 2,400 ಜೌಲ್ ಬೇಕು. ಅಂದ್ರೆ ಅಪ್ಪನ 15 ನಿಮಿಷದ 27,000 ಜೌಲ್ ಪೂರ್ತಿ ಹೊತ್ತೊಯ್ಯೋಕೆ 11 ಗ್ರಾಂ ನೀರು ಸಾಕು. ಎರಡು ಚಮಚ! ಆದ್ರೆ ನಾನು ಅದನ್ನ ಬೇಡ ಅಂದೆ. ಬಟ್ಟೆ ಜಾರಿ ಪಿಸ್ಟನ್ ಕಡ್ಡಿಗೆ ಸಿಕ್ಕೊಂಡ್ರೆ ಅಪಾಯ. ಕಡ್ಡಿ ಮೇಲೆ ನೀರು ಕೂತು ತುಕ್ಕು ಹಿಡಿದ್ರೆ, ಆ ಒರಟು ಕಡ್ಡಿ ಒಳಗೆ ಹೊರಗೆ ಆಡಿ ಸೀಲ್ ಕೊಯ್ದು ಹಾಕುತ್ತೆ. ಅಪ್ಪ ಸ್ವಲ್ಪ ಮುನಿಸಿಕೊಂಡ್ರು.

ಎರಡನೇದು, ಕಪ್ಪು ಬಣ್ಣ. ಉಪ್ಪುಕಾಗದದಲ್ಲಿ ಕ್ರೋಮ್ ಉಜ್ಜಿ, ಶಾಖ ತಡೆಯೋ ಮ್ಯಾಟ್ ಕಪ್ಪು ಸ್ಪ್ರೇ ಹೊಡೆದೆ. ಕಡ್ಡಿಗೆ ಹೊಡೀಲಿಲ್ಲ, ಕೊಳವೆಗೆ ಮಾತ್ರ. ಯಾಕೆ ಅಂದ್ರೆ, ಗಾಳಿ ಬೀಸದ ಕೋಣೆಯಲ್ಲಿ ಇಷ್ಟು ಬಿಸಿಯ ಕಪ್ಪು ವಸ್ತು ತನ್ನ ಶಾಖದ ಹೆಚ್ಚುಕಮ್ಮಿ ಅರ್ಧವನ್ನ ಕಿರಣವಾಗೇ ಬಿಡುತ್ತೆ. ಹೊಳೆಯೋ ಕ್ರೋಮ್ ಆ ಬಾಗಿಲನ್ನ ಮುಚ್ಚಿಬಿಟ್ಟಿರುತ್ತೆ. ಗನ್ ಥರ್ಮಾಮೀಟರ್‌ಗೆ 34 ಅಂತ ಸುಳ್ಳು ಹೇಳಿದ್ದೂ ಇದೇ ಗುಣ, ಎಣ್ಣೆಯನ್ನ ಬೇಯಿಸಿದ್ದೂ ಇದೇ ಗುಣ. ಷೋರೂಮಲ್ಲಿ ಚಂದ ಕಾಣ್ಲಿ ಅಂತ ಹಾಕಿದ ಹೊಳಪು! ಬಣ್ಣ ಹೊಡೆದ ಮೇಲೆ 15 ನಿಮಿಷಕ್ಕೆ 62 ಇದ್ದದ್ದು 58 ಆಯ್ತು. ನಾಲ್ಕೇ ಡಿಗ್ರಿ. ನಿಜ ಹೇಳ್ಬೇಕಂದ್ರೆ ನಿರಾಸೆ ಆಯ್ತು. ಲಾಭ ಕಂಡಿದ್ದು ಆಮೇಲೆ, ತಣ್ಣಗಾಗೋ ಹೊತ್ತು ಅರ್ಧದ ಹತ್ತಿರಕ್ಕೆ ಬಂತು. (ಪಾರ್ಕಿನ ಓಪನ್ ಜಿಮ್‌ಗೆ ಈ ಉಪಾಯ ಬೇಡ. ಬಿಸಿಲಲ್ಲಿ ಕಪ್ಪು ಮೈ ಸೂರ್ಯನ ಶಾಖಾನೂ ಎಳ್ಕೊಳ್ಳುತ್ತೆ. ಅಲ್ಲಿ ಮೊದಲು ಬೇಕಾಗಿರೋದು ನೆರಳು.)

ಮೂರನೇದು, ಟೇಬಲ್ ಫ್ಯಾನ್. ಅಪ್ಪನಿಗೆ ತಿರುಗಿಸಿಟ್ಟಿದ್ದ ಫ್ಯಾನನ್ನ ಸಿಲಿಂಡರ್ ಕಡೆ ತಿರುಗಿಸಿದೆ. ಅಷ್ಟೇ. 52ರಲ್ಲಿ ನಿಲ್ತು. ಬಲ 24ರಿಂದ ಇಳಿದು 19ಕ್ಕೆ ನಿಂತಿತು, 16ಕ್ಕಲ್ಲ. ಬೀಸೋ ಗಾಳಿ ಮುಂದೆ ನನ್ನ ಬಣ್ಣ ಚಿಲ್ಲರೆ. "ನಂಗೆ ಸೆಕೆ, ಅದಕ್ಕೆ ಫ್ಯಾನಾ?" ಅಂತ ಅಪ್ಪ ಗೊಣಗಿದ್ರು. ಈಗ ಫ್ಯಾನ್ ಮಧ್ಯದಲ್ಲಿದೆ, ಇಬ್ಬರಿಗೂ ಬೀಸುತ್ತೆ.

ನಾಲ್ಕನೇದು ದುಡ್ಡಿಲ್ಲದ್ದು. 15 ನಿಮಿಷ ಒಂದೇ ಉಸಿರಿಗೆ ಮಾಡೋ ಬದಲು, ಬೆಳಗ್ಗೆ 5, ಮಧ್ಯಾಹ್ನ 5, ಸಂಜೆ 5. ಮೇಡಂ ಹತ್ರ ಕೇಳಿದ್ವಿ, "ಅದೇ ಒಳ್ಳೇದು" ಅಂದ್ರು. ಸೀರಿಯಲ್ ಲೆಕ್ಕ ಮಾತ್ರ ತಪ್ಪಿತು.

8/9

ಸಣ್ಣ ಪೋಸ್ಟ್ ಇದು, ಸೀಲ್ ಬಗ್ಗೆ. ಎಣ್ಣೆ ಬಿಸಿಗೆ ಹಿಗ್ಗುತ್ತೆ. ನಮ್ಮ 150 ಎಂಎಲ್ ಎಣ್ಣೆ 40 ಡಿಗ್ರಿ ಏರಿದ್ರೆ 4 ಎಂಎಲ್ ಹೆಚ್ಚಾಗುತ್ತೆ. ಅದಕ್ಕೆ ಜಾಗ ಬೇಕು, ಇಲ್ಲಾಂದ್ರೆ ಒತ್ತಡ ಎಲ್ಲೆಲ್ಲೋ ಹೋಗುತ್ತೆ. ಅದಕ್ಕೇ ಒಳಗೆ ಸ್ವಲ್ಪ ಗಾಳಿ ಬಿಟ್ಟಿರ್ತಾರೆ. ಅಗ್ಗದ ಸಿಲಿಂಡರ್‌ನಲ್ಲಿ ಆ ಗಾಳಿ ಎಣ್ಣೆ ಜೊತೆ ಕಲೆತು ನೊರೆಯಾಗುತ್ತೆ, ಪೆಡಲ್ ಒತ್ತಿದ್ರೆ ಮೊದಲೊಂದಿಷ್ಟು ದೂರ ಸ್ಪಂಜಿನ ಹಾಗೆ. ರೇಸ್ ಬೈಕ್ ಶಾಕ್ ಅಬ್ಸಾರ್ಬರ್ ಪಕ್ಕ ಒಂದು ಪುಟ್ಟ ಡಬ್ಬಿ ನೋಡಿರ್ತೀರಿ. ಅದರಲ್ಲಿ ಗಾಳಿ ಮತ್ತು ಎಣ್ಣೆಯನ್ನ ಬೇರೆ ಬೇರೆ ಇಡ್ತಾರೆ, ಶಾಖ ಬಿಡೋಕೆ ಇನ್ನಷ್ಟು ಮೈಯೂ ಸಿಗುತ್ತೆ. ಮಾಮೂಲಿ ನೈಟ್ರೈಲ್ ರಬ್ಬರ್ ಸೀಲು ಹೆಚ್ಚುಕಮ್ಮಿ 100 ಡಿಗ್ರಿವರೆಗೆ ತಡೆಯುತ್ತೆ ಅಂತಾರೆ, ಆದ್ರೆ ದಿನಾ ಬಿಸಿ ತಿಂದ್ರೆ ಅದಕ್ಕಿಂತ ಕೆಳಗೇ ಗಟ್ಟಿಯಾಗಿ ಬಿರುಕು ಬಿಡುತ್ತೆ. ಕಡ್ಡಿ ಮೇಲೆ ಎಣ್ಣೆಯ ಜಿಡ್ಡು, ಅದಕ್ಕೆ ಅಂಟಿದ ಧೂಳು ಕಂಡ್ರೆ ಸೀಲ್ ಕೊನೆ ದಿನ ಎಣಿಸ್ತಿದೆ ಅಂತ ಅರ್ಥ.

ಸೆಕೆಂಡ್ ಹ್ಯಾಂಡ್ ತಗೊಳ್ಳೋಕೆ ಹೋದ್ರೆ, ತಣ್ಣಗಿರುವಾಗ ಒಂದು ಸಲ ತಳ್ಳಿ ನೋಡಿ "ಸೂಪರ್" ಅಂದು ದುಡ್ಡು ಕೊಡ್ಬೇಡಿ. ಹತ್ತು ನಿಮಿಷ ಬೆವರು ಸುರಿಸಿ, ಆಮೇಲೆ ಚೌಕಾಸಿ ಮಾಡಿ.

9/9

ಕೊನೇದು, ನನ್ನ ವಾದ. ಒಪ್ಪದಿದ್ರೆ ಜಗಳ ಆಡಿ, ಪರವಾಗಿಲ್ಲ.

ಮಷಿನ್ ಬಿಸಿಯಾಗೋದು ತಪ್ಪಲ್ಲ. ಬಿಸಿಯಾಗೋದೇ ಅದರ ಕೆಲಸ. ತಪ್ಪು ಇರೋದು ನಾಬ್ ಮೇಲೆ ಬರೆದಿರೋ ನಂಬರ್‌ನಲ್ಲಿ. 6 ಅಂತ ಬರೆದ್ರೆ ಓದೋರು ಅದನ್ನ ಅಳತೆ ಅಂತ ನಂಬ್ತಾರೆ. ಅಮ್ಮ ನಂಬಿದ್ಲು, ಹಾಲಿನ ಲೆಕ್ಕದಷ್ಟೇ ಪ್ರಾಮಾಣಿಕವಾಗಿ ಬರೆದಿಟ್ಲು. ಅಳತೆ ಅಲ್ಲದಿದ್ರೆ ನಂಬರ್ ಹಾಕ್ಬೇಡಿ, "ಸಡಿಲ", "ಬಿಗಿ" ಅಂತ ಬರೀರಿ. ನಂಬರ್ ಹಾಕೋದೇ ಆದ್ರೆ ಪಕ್ಕದಲ್ಲಿ ಮೂರು ವಿಷಯ ಇರಲಿ: ಎಣ್ಣೆ ಎಷ್ಟು ಬಿಸಿ ಇದ್ದಾಗ, ಯಾವ ವೇಗಕ್ಕೆ, ಎಷ್ಟು ಕೆಜಿ. ನಿಲ್ಲಿಸದೆ ಎಷ್ಟು ನಿಮಿಷ ಮಾಡಬಹುದು, ಆಮೇಲೆ ಮಷಿನ್‌ಗೆ ಎಷ್ಟು ನಿಮಿಷ ಬಿಡುವು ಬೇಕು ಅನ್ನೋದೂ ಇರಲಿ. ಮಿಕ್ಸಿ ಕೆಳಗೆ ಇಷ್ಟು ನಿಮಿಷ ಆನ್, ಇಷ್ಟು ನಿಮಿಷ ಆಫ್ ಅಂತ ಬರೆದಿರ್ತಾರಲ್ಲ? ಚಟ್ನಿ ರುಬ್ಬೋದಕ್ಕೆ ಇರೋ ಮರ್ಯಾದೆ ಮೊಣಕಾಲಿಗೆ ಬೇಡ್ವಾ?

"ಅಷ್ಟೆಲ್ಲಾ ಬರೆದ್ರೆ ಯಾರೂ ಕೊಳ್ಳಲ್ಲ" ಅಂತ ಸೀನಿಯರ್ ಒಬ್ಬರು ಹೇಳಿದ್ರು. ಇರಬಹುದು. ಆದ್ರೆ ಫಿಸಿಯೋಥೆರಪಿ ಸೆಂಟರ್‌ಗಳು ಕೊಳ್ತಾವೆ. ಅಲ್ಲಿ ಪ್ರತಿ ವಾರದ ಪ್ರಗತಿ ಅಂದ್ರೆ ಒಂದು ನಂಬರ್, ಆ ನಂಬರ್ ನೋಡಿ "ಇನ್ನು ಗಾಡಿ ಹತ್ತಬಹುದು" ಅಂತ ಯಾರೋ ಒಬ್ಬರು ತೀರ್ಮಾನ ಮಾಡ್ತಾರೆ. ಅಪ್ಪ ಸ್ಟ್ಯಾಂಡ್‌ನಲ್ಲಿ ನಿಂತಿದ್ದ ಗಾಡಿ ಹತ್ತಿದ್ರು, ಪುಣ್ಯ. ಘಾಟ್ ಹತ್ತುವಾಗ ಜಾಮ್‌ನಲ್ಲಿ ನಿಂತು, ಹಿಂದೆ ಬಸ್ ಇಟ್ಕೊಂಡು ಕ್ಲಚ್ ಹಿಡಿಯೋ ಹೊತ್ತಲ್ಲಿ ಆಗಿದ್ರೆ?

ನಮ್ಮ ಕ್ಲಾಸಿನವರಿಗೆ ಒಂದು ಕೇಳ್ಕೊಳ್ತೀನಿ. ಮುಂದಿನ ಸೆಮಿಸ್ಟರ್‌ಗೆ ಎರಡು ತಂಡ ವ್ಯಾಯಾಮದ ಮಷಿನ್ ಪ್ರಾಜೆಕ್ಟ್ ತಗೊಂಡಿದ್ದಾರೆ ಅಂತ ಕೇಳಿದೆ. ರಿಪೋರ್ಟ್‌ನಲ್ಲಿ ಬಲದ ಗ್ರಾಫ್ ಒಂದೇ ಗೆರೆ ಹಾಕ್ಬೇಡಿ. ಮೊದಲ ನಿಮಿಷದ್ದು ಒಂದು, ಹದಿನೈದನೇ ನಿಮಿಷದ್ದು ಒಂದು ಹಾಕಿ. "ಕೂಲಿಂಗ್ ನಮ್ಮ ಸಿಲಬಸ್‌ನಲ್ಲಿ ಬರಲ್ಲ" ಅಂದ್ರೆ ಹೀಟ್ ಟ್ರಾನ್ಸ್‌ಫರ್ ಪೇಪರ್ ಬರೆದದ್ದು ಯಾಕೆ? ಗನ್ ಥರ್ಮಾಮೀಟರ್ ಲ್ಯಾಬ್‌ನ ಎರಡನೇ ಬೀರುವಿನಲ್ಲಿದೆ, ನಾನು ವಾಪಸ್ ಕೊಟ್ಟಿದ್ದೀನಿ. ಟೇಪ್ ನಿಮ್ಮದೇ ತಗೊಂಡು ಹೋಗಿ.

ನಿಮ್ಮ ಜಿಮ್‌ನಲ್ಲಿ, ನಿಮ್ಮನೆ ಸ್ಟೆಪ್ಪರ್‌ನಲ್ಲಿ ಅಳೆದ್ರೆ ಕಾಮೆಂಟ್‌ನಲ್ಲಿ ಹಾಕಿ: ಊರು, ಶುರುವಿನ ಡಿಗ್ರಿ, ಕೊನೆಯ ಡಿಗ್ರಿ, ಎಷ್ಟು ನಿಮಿಷ. ಮುಟ್ಟಿ ಅಳೀಬೇಡಿ.

ಕೊನೇ ಫೋಟೋ ಮೊನ್ನೆಯದು. ಅದೇ ಹಾಲಿನ ಪುಸ್ತಕ. ಅಮ್ಮ ಹಾಳೆ ಮೇಲೆ ಹೊಸ ಗೆರೆ ಎಳೆದು ಇನ್ನೊಂದು ಕಾಲಂ ಮಾಡಿದ್ದಾಳೆ, ಮೇಲೆ "ಬಿಸಿ" ಅಂತ ಬರೆದಿದ್ದಾಳೆ. ನಂಬರ್ 6, 110 ಸಲ, 41. ಸಲ ಕಮ್ಮಿಯಾಗಿದೆ ಅಂತ ಅಪ್ಪ ಬೇಜಾರು ಮಾಡ್ಕೊಳ್ತಾರೆ. ಮೇಡಂ ಕೈಯಿಂದ ಒತ್ತಿ ಹಿಡಿದು ನೋಡಿ, ಹೋದ ತಿಂಗಳಿಗಿಂತ ಕಾಲು ಗಟ್ಟಿಯಾಗಿದೆ ಅಂದಿದ್ದಾರೆ. ಕ್ಲಚ್‌ಗೆ ಇನ್ನೂ ಎರಡು ತಿಂಗಳು ಅಂದ್ರು. ಅಪ್ಪ ಒಂದೂವರೆ ಅಂತ ಚೌಕಾಸಿ ಮಾಡ್ತಿದ್ದಾರೆ.

#ಬಿಸಿಎಣ್ಣೆ #ನಂಬರ್6 #ಹಾಸನ #ಮೆಕ್ಯಾನಿಕಲ್‌ಹುಡುಗಿ